ಕೋಟಿಗೆ ಎರಡು ಗೂಟ

ಲಿಯೆಪಾಯಾದ ನಾಟಕಶಾಲೆಯಲ್ಲಿ
ಕೋಟು ಕಾಯುವ ಔಸ್ಮಾಗೆ ಎಪ್ಪತ್ತೊಂದು.
ಬಾಲ್ಟಿಕ್ ಗಾಳಿ ಬಾಗಿಲು ಒದ್ದು ಒಳಬರುತ್ತದೆ,
ಹಿಂದೆಯೇ ಜನ, ಹಿಮ ಕೊಡವಿಕೊಳ್ಳುತ್ತ.

ಮೊದಲು ಗೋಡೆ ತುಂಬ ಗೂಟಗಳಿದ್ದವಂತೆ,
ಗೂಟಕ್ಕೊಂದೇ ಕೋಟು.
ಅರ್ಧ ತುಂಬುವುದರೊಳಗೇ ನೂಕುನುಗ್ಗಲು,
ಇನ್ನರ್ಧ ಸದಾ ಬೋಳು.
ಆ ಬೋಳು ನೋಡಿಯೇ ಮ್ಯಾನೇಜರು
ಗೋಡೆ ಕೆಡವಿಸಿ ಕಾಫಿ ಯಂತ್ರ ತಂದಿಟ್ಟ.
ಉಳಿದವು ಅರವತ್ತು.
ಔಸ್ಮಾ ಬೈಯಲಿಲ್ಲ. ಬಡಗಿಯನ್ನು ಕರೆಸಿ
ಒಂದೊಂದು ಗೂಟಕ್ಕೂ ನಾಲ್ಕು ಕವಲು ಹೊಡೆಸಿದಳು.
ಇನ್ನೂರ ನಲವತ್ತು ಜಾಗ, ಇನ್ನೂರ ಮೂವತ್ತೆರಡು ಕುರ್ಚಿ.
ಎಂಟು ಕವಲು ಉಸಿರಾಡಲು ಸಾಕು, ಅಂದಳು.

ಅವಳ ಕಟ್ಟಳೆ ಇಷ್ಟೇ:
ಮನೆತನದ ಹೆಸರಿನ ಅಕ್ಷರಗಳನ್ನು ಎಣಿಸಿ ಕೂಡಿದರೆ ಒಂದು ಗೂಟ,
ಕುರ್ಚಿಯ ಅಂಕಿ ತಿರುವಿದರೆ ಇನ್ನೊಂದು,
ಅರವತ್ತು ದಾಟಿತೋ, ಮತ್ತೆ ಒಂದರಿಂದ.
ಎರಡರಲ್ಲಿ ಯಾವುದು ಹಗುರವೋ ಅದಕ್ಕೆ.
ಎರಡೂ ತುಂಬಿದ್ದರೆ
ಅಲ್ಲಿದ್ದ ಯಾವುದೋ ಕೋಟಿನ ಕಾಲರು ಹಿಡಿದು,
"ಏಳಪ್ಪಾ, ನಿನಗೆ ಇನ್ನೊಂದು ಮನೆ ಇದೆಯಲ್ಲ."
ಅದು ಹೋಗಿ, ಬೇಕಾದರೆ, ಮತ್ತೊಂದನ್ನು ಎಬ್ಬಿಸುತ್ತದೆ.

ನಾಟಕ ಮುಗಿದ ಮೇಲೆ ಹುಡುಕಾಟವಿಲ್ಲ.
ಹೆಸರು ಹೇಳಿ, ಕುರ್ಚಿ ಹೇಳಿ.
ಎರಡೇ ಕಡೆ ಕೈ ಹೋಗುತ್ತದೆ, ಮೂರನೆಯದಕ್ಕಿಲ್ಲ.
ಎರಡು ದೋಣಿಯಲ್ಲಿ ಕಾಲಿಟ್ಟವ ಮುಳುಗುತ್ತಾನೆ ಅನ್ನುತ್ತಾರೆ;
ಔಸ್ಮಾಳ ಕೋಟು ಒಂದೂ ಮುಳುಗಿದ್ದು ನಾ ಕಾಣೆ.

ಸಂಜೆ ಅವಳ ಸಹಾಯಕ್ಕೆ ನಿಲ್ಲುವ ನಾನು
ಹಗಲು ಕಂಪ್ಯೂಟರ್ ಓದುತ್ತಿದ್ದೆ.
ಇದೇ ಆಟಕ್ಕೆ ನಮ್ಮಲ್ಲಿ ಹ್ಯಾಶ್ ಕೋಷ್ಟಕ ಅನ್ನುತ್ತಾರೆ,
ಕೋಗಿಲೆಯ ಹೆಸರಿಟ್ಟಿದ್ದಾರೆ, ಅಂದೆ.
ಅವಳು ಗುಂಡಿಯೊಂದಕ್ಕೆ ದಾರ ಪೋಣಿಸುತ್ತಿದ್ದಳು.
"ಕೋಗಿಲೆ ಮರಿ ಗೂಡಿನಿಂದ ಹೊರಗೆ ದಬ್ಬುತ್ತದೆ, ಸರಿ.
ದಬ್ಬಿಸಿಕೊಂಡ ಮೊಟ್ಟೆಗೆ
ಇನ್ನೊಂದು ಗೂಡು ತೋರಿಸುತ್ತದೆಯೇ?"
ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಫೆಬ್ರವರಿಯ ಒಂದು ರಾತ್ರಿ, ಎಲ್ಲ ಟಿಕೆಟ್ಟೂ ಮಾರಿ ಹೋಗಿತ್ತು.
ಕೊನೆಯ ಗಂಟೆಗೆ ಸರಿಯಾಗಿ
ಸ್ಕುದ್ರಾ ಮನೆತನದ ಒಂಬತ್ತು ಮಂದಿ,
ಅಜ್ಜಿಯ ಎಂಬತ್ತಕ್ಕೆಂದು ಬಂದವರು.
ಒಂದೇ ಹೆಸರು, ಒಂದೇ ಗೂಟ. ನಾಲ್ಕು ಕೂತವು.
ಐದನೆಯದು ಆರನೆಯದನ್ನು,
ಅದು ಮೀನುಗಾರನ ತೊಗಲಿನದನ್ನು,
ಅದು ಟೀಚರಮ್ಮನ ಹಸಿರನ್ನು ಎಬ್ಬಿಸಿ,
ಹೋದೆಯಾ ಪಿಶಾಚಿ ಎಂದರೆ
ಗವಾಕ್ಷಿಯಲ್ಲಿ ಬಂದಂತೆ
ಹಸಿರು ಕೋಟು ಮತ್ತೆ ನನ್ನ ಕೈಯಲ್ಲಿ.
ಒಳಗೆ ಪರದೆ ಎದ್ದಿತು. ನಾನು ಬೆವರಿದೆ.

ಇಪ್ಪತ್ತು ಎಣಿಸಿದಳು ಔಸ್ಮಾ.
"ಇಪ್ಪತ್ತು ಸಲ ಎಬ್ಬಿಸಿದ ಮೇಲೂ ನಿಲ್ಲದಿದ್ದರೆ
ತಪ್ಪು ಕೋಟಿನದಲ್ಲ, ಕಟ್ಟಳೆಯದು.
ಎಲ್ಲ ಇಳಿಸು."

ಎಲ್ಲ? ಎಲ್ಲ.
ನೆಲದ ಮೇಲೆ ಉಣ್ಣೆಯ ಗುಡ್ಡ,
ಒದ್ದೆ ನಾಯಿಯ ವಾಸನೆ, ಕರ್ಪೂರದ್ದು, ಹೊಗೆಸೊಪ್ಪಿನದು.
ಒಂದು ಜೇಬಿನಿಂದ ನಾಣ್ಯ ಉರುಳಿತು.
ವಸಂತದ ಮೊದಲ ಕೋಗಿಲೆ ಕೂಗಿದಾಗ
ಜೇಬು ಬರಿದಿರಬಾರದು ಎಂದು
ಯಾರೋ ಈಗಲೇ ಇಟ್ಟುಕೊಂಡದ್ದು.
ಅವಳು ಅದನ್ನು ಅದೇ ಜೇಬಿಗೆ ಹಾಕಿ, ತಟ್ಟಿ,
ಕಾಲರಿನ ಚೀಟಿಗಳನ್ನು ಒಂದೊಂದೇ ಓದಿದಳು.
"ಇವತ್ತಿನಿಂದ ಮನೆತನ ಒಂದೇ ಸಾಲದು,
ಅವರವರ ಸ್ವಂತ ಹೆಸರನ್ನೂ ಕೂಡಿಸು."
ಐಯಾ ಸ್ಕುದ್ರಾ ಹದಿನೇಳಕ್ಕೆ, ತಾಲಿವಾಲ್ದಿಸ್ ನಲವತ್ತಕ್ಕೆ.
ಒಬ್ಬೊಬ್ಬರೂ ಬೇರೆಬೇರೆಯಾದರು,
ಮೂರನೆಯ ಅಂಕ ಮುಗಿಯುವ ಹೊತ್ತಿಗೆ
ಗೋಡೆ ತುಂಬಿತು.

ಒಂದು ಉಳಿಯಿತು. ಅಜ್ಜಿಯದೇ, ನರಿಚರ್ಮದ್ದು.
ಎತ್ತ ತೂರಿದರೂ ಜಾಗ ಕೊಡದು.
ಕನ್ನಡಿಯ ಹಿಂದೆ ಒಂದು ಮೊಳೆ ಇದೆ,
ಯಾವ ಲೆಕ್ಕಕ್ಕೂ ಸೇರದ್ದು;
ಅಲ್ಲಿ ಔಸ್ಮಾಳ ಸ್ವಂತ ಕೋಟು ಇರುತ್ತದೆ.
ಅದನ್ನು ತೆಗೆದಳು.

ಚಪ್ಪಾಳೆ ಶುರುವಾಯಿತು.
ಬೆಚ್ಚನೆಯ ಕೋಣೆಯಲ್ಲಿ
ಕೋಟು ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು
ಅವಳು ಕಟಕಟೆಗೆ ಬಂದು ನಿಂತಳು,
ಈಗಷ್ಟೇ ಹೊರಗಿನಿಂದ ಬಂದವಳ ಹಾಗೆ.
"ಹೆಸರು?" ಅಂದಳು.